ಚಿನ್ನದ ಮಣಿಯ ಮಾಂಟೆಸ್ಸರಿ

ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಗೆ, ಅಲ್ಲಿಂದ ಬೆಂಗಳೂರಿಗೆ, ಎಲ್ಲಿಗೆ ಹೋದರೂ ಯಾವುದೋ ಒಂದು ಶಾಲೆಯ ಬೋರ್ಡಿನ ಮೇಲೆ ಮಾಂಟೆಸ್ಸರಿ ಅನ್ನೋ ಪದ ಕಣ್ಣಿಗೆ ಬಿದ್ದೇ ಬೀಳುತ್ತೆ. ಎಲ್‌ಕೆಜಿ, ಯುಕೆಜಿ ಥರ ಅದೂ ಒಂದು ಕ್ಲಾಸಿನ ಹೆಸರು ಅಂದುಕೊಂಡವರು ತುಂಬಾ ಜನ ಇದ್ದಾರೆ. ಅದು ಇಟಲಿಯ ಒಬ್ಬ ಹೆಂಗಸಿನ ಮನೆತನದ ಹೆಸರು. ಮರಿಯಾ ಮಾಂಟೆಸ್ಸರಿ. ಆಕೆ ಡಾಕ್ಟರ್. ಅದಕ್ಕೂ ಮುಂಚೆ, ಇದು ನಮ್ಮ ಓದುಗರಿಗೆ ಇಷ್ಟವಾಗುತ್ತೆ ನೋಡಿ, ಎಂಜಿನಿಯರ್ ಆಗಬೇಕು ಅಂತ ಟೆಕ್ನಿಕಲ್ ಸ್ಕೂಲ್ ಸೇರಿದ್ದವರು. ಚಿಕ್ಕ ಮಕ್ಕಳು ಕೂಡುವ ಲೆಕ್ಕವನ್ನು ಕೈಯಿಂದ ಹೇಗೆ ಕಲಿಯಬಹುದು ಅನ್ನೋದಕ್ಕೆ ಅವರು ಮಾಡಿಟ್ಟ ಸಾಮಾನುಗಳನ್ನು ಒಂದೊಂದಾಗಿ ನೋಡಿದಾಗ ಆ ಎಂಜಿನಿಯರ್ ಎಲ್ಲೂ ಹೋಗಿರಲಿಲ್ಲ ಅಂತ ನಮಗೆ ಅನ್ನಿಸಿತು. ಅದಕ್ಕೇ ಈ ಸಲ ಅವರ ಕಥೆ.

ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಅಂಕೋನಾ ಹತ್ತಿರದ ಕಿಯಾರವಲ್ಲೆ ಎಂಬ ಸಣ್ಣ ಊರಲ್ಲಿ. ಅಪ್ಪ ಅಲೆಸ್ಸಾಂಡ್ರೋ ಸರ್ಕಾರಿ ಹಣಕಾಸು ಇಲಾಖೆಯ ನೌಕರ, ಹಳೇ ಕಾಲದ ಮನುಷ್ಯ. ಅಮ್ಮ ರೆನಿಲ್ಡೆ ಓದಿಕೊಂಡಾಕೆ, ಮಗಳ ಬೆನ್ನಿಗೆ ನಿಂತಾಕೆ. ಅಪ್ಪನ ವರ್ಗಾವಣೆಯ ಜೊತೆ ಸಂಸಾರ ಫ್ಲಾರೆನ್ಸಿಗೆ ಹೋಯಿತು, 1875ರಲ್ಲಿ ರೋಮಿಗೆ ಬಂತು. ಆ ಕಾಲದಲ್ಲಿ ಓದಿದ ಹುಡುಗಿ ಅಂದರೆ ಟೀಚರ್ ಆಗಬೇಕು, ಬೇರೆ ದಾರಿ ಇಲ್ಲ. ಟೀಚರ್ ಒಂದು ಬಿಟ್ಟು ಇನ್ನೇನು ಬೇಕಾದರೂ ಆಗ್ತೀನಿ ಅನ್ನೋ ಹಟ ಈ ಹುಡುಗಿಗೆ. ಹದಿಮೂರು ವರ್ಷಕ್ಕೆ, 1883ರಲ್ಲಿ, ಗಂಡುಹುಡುಗರೇ ತುಂಬಿದ್ದ ಟೆಕ್ನಿಕಲ್ ಸ್ಕೂಲ್ ಸೇರಿದಳು. ಮುಂದೆ ಲಿಯೊನಾರ್ಡೋ ಡ ವಿಂಚಿ ಹೆಸರಿನ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ 1890ರ ತನಕ ಗಣಿತ, ಭೌತವಿಜ್ಞಾನ. ಗಣಿತದ ಹುಚ್ಚು ಹತ್ತಿದ್ದು ಅಲ್ಲೇ. ಆದರೆ ಓದು ಮುಗಿಯೋ ಹೊತ್ತಿಗೆ ಎಂಜಿನಿಯರಿಂಗ್ ಬಿಟ್ಟು ಮೆಡಿಕಲ್ ಓದಬೇಕು ಅಂತ ಮನಸ್ಸು ಬದಲಾಗಿತ್ತು. ಬ್ರಾಂಚ್ ಚೇಂಜ್‌ಗೆ ಒದ್ದಾಡುವ ನಮ್ಮ ಗೆಳೆಯರು ಇಲ್ಲಿ ಸ್ವಲ್ಪ ಸಮಾಧಾನ ಪಟ್ಟುಕೊಳ್ಳಬಹುದು.

ಮೆಡಿಕಲ್ ಸೇರೋದೇನೂ ಸುಲಭ ಇರಲಿಲ್ಲ. ಮೊದಲು ಪ್ರಕೃತಿ ವಿಜ್ಞಾನದ ಕೋರ್ಸು ಮುಗಿಸಿ, ಆಮೇಲೆ 1893ರಲ್ಲಿ ರೋಮ್ ವಿಶ್ವವಿದ್ಯಾಲಯದ ವೈದ್ಯಕೀಯಕ್ಕೆ ಬಂದರು. ಹೆಣ ಕೊಯ್ಯುವ ಕ್ಲಾಸಿನಲ್ಲಿ ಗಂಡಸರ ನಡುವೆ ಹೆಂಗಸು ನಿಲ್ಲುವ ಹಾಗಿಲ್ಲ ಅಂತ ಕಟ್ಟಳೆ. ಎಲ್ಲರೂ ಮನೆಗೆ ಹೋದ ಮೇಲೆ ಒಬ್ಬರೇ, ರಾತ್ರಿ ದೀಪದ ಬೆಳಕಲ್ಲಿ, ಹೆಣದ ಮುಂದೆ ಕೂತು ಕಲಿತರು. 1896ರ ಜುಲೈ 10ಕ್ಕೆ ಡಾಕ್ಟರ್ ಆದರು.

ಮರುವರ್ಷ ಮಾನಸಿಕ ರೋಗಗಳ ಕ್ಲಿನಿಕ್ಕಿನಲ್ಲಿ ಕೆಲಸ. ಅದರ ಸಲುವಾಗಿ ರೋಮಿನ ಹುಚ್ಚಾಸ್ಪತ್ರೆಗಳಿಗೆ ಹೋಗಬೇಕಿತ್ತು. ಬುದ್ಧಿ ಬೆಳೆದಿಲ್ಲ ಅಂತ ಹಣೆಪಟ್ಟಿ ಹಚ್ಚಿ ಮಕ್ಕಳನ್ನೂ ಅಲ್ಲೇ ದೊಡ್ಡವರ ಜೊತೆ ಕೂಡಿಹಾಕಿರುತ್ತಿದ್ದರು. ಒಂದು ಕಡೆ ಮಕ್ಕಳನ್ನು ನೋಡಿಕೊಳ್ಳುವಾಕೆ ಮೂಗು ಮುರಿದಳಂತೆ, ಊಟ ಆದ ತಕ್ಷಣ ಇವು ನೆಲಕ್ಕೆ ಬಿದ್ದು ಬ್ರೆಡ್ಡಿನ ಚೂರು ಹುಡುಕುತ್ತವೆ ಅಂತ. ಮಾಂಟೆಸ್ಸರಿ ಸುತ್ತ ನೋಡಿದರು. ಬೋಳು ಕೋಣೆ. ಕೈಗೆ ಹಿಡಿಯೋಕೆ ಒಂದು ಕಲ್ಲು, ಒಂದು ಕಡ್ಡಿ ಕೂಡ ಇಲ್ಲ. ಆ ಚೂರುಗಳನ್ನು ಮಕ್ಕಳು ಹಸಿವಿಗೆ ಹುಡುಕುತ್ತಿರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು ಅಷ್ಟೇ. ಆಕೆಯ ಮುಂದಿನ ಐವತ್ತು ವರ್ಷದ ಕೆಲಸಕ್ಕೆ ಬೀಜ ಬಿದ್ದದ್ದು ಇಲ್ಲಿ ಅಂತ ನಮ್ಮ ಲೆಕ್ಕ.

ಇಂಥ ಮಕ್ಕಳಿಗೆ ಕಲಿಸಿದವರು ಹಿಂದೆ ಯಾರಾದರೂ ಇದ್ದಾರಾ ಅಂತ ಹುಡುಕಿದರು. ಫ್ರಾನ್ಸಿನ ಇಟಾರ್, ಅವರ ಶಿಷ್ಯ ಸೆಗ್ಯಾಂ ಸಿಕ್ಕಿದರು. ಅವರ ಪುಸ್ತಕಗಳನ್ನು ಪೂರ್ತಿ ತಮ್ಮ ಕೈಬರಹದಲ್ಲೇ ಇಟಾಲಿಯನ್ನಿಗೆ ಇಳಿಸಿಕೊಂಡರು. ಸೆರಾಕ್ಸ್ ಇಲ್ಲದ ಕಾಲ ಬಿಡಿ. ಆದರೆ ಅವರು ಹಾಗೆ ಮಾಡಿದ್ದು ಪ್ರತಿ ಪದದ ತೂಕ ತಿಳಿಯಲಿ ಅಂತ. 1900ರಲ್ಲಿ ಅಂಥ ಮಕ್ಕಳ ಶಾಲೆಯೊಂದರ ಹೊಣೆ ಸಿಕ್ಕಿತು. ಅಲ್ಲಿ ಕಲಿತ ಕೆಲವು ಮಕ್ಕಳು ಮಾಮೂಲಿ ಮಕ್ಕಳು ಬರೆಯುವ ಸರ್ಕಾರಿ ಪರೀಕ್ಷೆ ಬರೆದು ಪಾಸಾದರು. ಜನ ಪವಾಡ ಅಂದರು. ಆಕೆಯ ತಲೆಗೆ ಹೊಕ್ಕ ಪ್ರಶ್ನೆ ಬೇರೆ: ಹಾಗಾದರೆ ಆರೋಗ್ಯವಾಗಿರುವ ಮಕ್ಕಳನ್ನು ಶಾಲೆಗಳು ಏನು ಮಾಡುತ್ತಿವೆ, ಅವರು ಯಾಕೆ ಇಷ್ಟು ಕೆಳಗಿದ್ದಾರೆ?

ಇದೇ ಹೊತ್ತಲ್ಲಿ ಅವರ ಸ್ವಂತ ಬದುಕಿನಲ್ಲಿ ಒಂದು ಗಾಯ ಆಗಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಡಾಕ್ಟರ್ ಮೊಂಟೆಸಾನೋ ಅವರಿಂದ 1898ರಲ್ಲಿ ಒಬ್ಬ ಮಗ ಹುಟ್ಟಿದ, ಹೆಸರು ಮಾರಿಯೋ. ಮದುವೆ ಆಗಿರಲಿಲ್ಲ. ವಿಷಯ ಹೊರಗೆ ಬಂದರೆ ವೃತ್ತಿ ಮುಗಿದ ಹಾಗೆ. ಮಗುವನ್ನು ಹಳ್ಳಿಯ ಒಂದು ಸಂಸಾರದಲ್ಲಿ ಬಿಟ್ಟರು. ಲೋಕದ ಮಕ್ಕಳ ಬಗ್ಗೆ ಬರೆದಾಕೆ ತನ್ನ ಮಗ ಬೆಳೆಯೋದನ್ನು ದೂರದಿಂದ ನೋಡಬೇಕಾಯಿತು. ಇದರ ಬಗ್ಗೆ ತೀರ್ಪು ಕೊಡೋಕೆ ನಮಗೆ ಮನಸ್ಸಿಲ್ಲ. ಮಾರಿಯೋ ಹದಿಹರೆಯದಲ್ಲಿ ತಾಯಿಯ ಬಳಿಗೆ ಬಂದ, ಮತ್ತೆ ಬಿಟ್ಟು ಹೋಗಲಿಲ್ಲ. ಆದರೂ ಎಷ್ಟೋ ವರ್ಷ ಹೊರಗಿನವರಿಗೆ ಅವನು ಅಣ್ಣನದೋ ತಮ್ಮನದೋ ಮಗ.

ಈಗ ಸ್ಯಾನ್ ಲೊರೆಂಜೋ. ರೋಮಿನ ಈ ಬಡಾವಣೆಯ ಹೆಸರು ಕೇಳಿದರೆ ಕೆಜಿಎಫ್‌ನವರಿಗೆ ತಮ್ಮ ಅಜ್ಜ ಅಜ್ಜಿ ಹೇಳುತ್ತಿದ್ದ ಮೈನ್ಸ್ ಲೈನುಗಳ ನೆನಪಾಗಬೇಕು. ಕಟ್ಟಡ ವ್ಯಾಪಾರ ಮುರಿದು ಬಿದ್ದು ಅರ್ಧಕ್ಕೆ ನಿಂತ ವಠಾರಗಳು, ಒಂದೊಂದು ಕೋಣೆಯಲ್ಲಿ ಹತ್ತಾರು ಜನ, ಬೆಳಗ್ಗೆ ಎದ್ದು ಕೂಲಿಗೆ ಹೋಗುವ ಅಪ್ಪ ಅಮ್ಮ. ಒಂದು ಸಂಸ್ಥೆ ಈ ಕಟ್ಟಡಗಳನ್ನು ಕೊಂಡು ರಿಪೇರಿ ಮಾಡಿಸಿತು. ಅದರ ಮುಖ್ಯಸ್ಥ ಎದುವಾರ್ದೋ ತಲಾಮೋ, ಆತನೂ ಎಂಜಿನಿಯರ್. ದೊಡ್ಡವರು ಕೆಲಸಕ್ಕೆ ಹೋದಾಗ ಶಾಲೆ ವಯಸ್ಸಿಗೆ ಬಾರದ ಮಕ್ಕಳು ಹೊಸದಾಗಿ ಸುಣ್ಣ ಹೊಡೆದ ಗೋಡೆ ಹಾಳು ಮಾಡುತ್ತಿದ್ದವು. ಮಕ್ಕಳನ್ನು ಒಂದು ಕೋಣೆಯಲ್ಲಿ ಕೂಡಿಸಿ ನೋಡಿಕೊಂಡರೆ ರಿಪೇರಿ ಖರ್ಚು ಉಳಿಯುತ್ತೆ ಅನ್ನೋದು ಲೆಕ್ಕಾಚಾರ. ಜಗತ್ತಿನ ಮೊದಲ ಮಾಂಟೆಸ್ಸರಿ ಶಾಲೆ ಹುಟ್ಟಿದ್ದು ಮೇಂಟೆನೆನ್ಸ್ ಬಜೆಟ್ಟಿನಲ್ಲಿ! 1907ರ ಜನವರಿ 6ರಂದು ಮಾರ್ಸಿ ಬೀದಿಯ 58ನೇ ನಂಬರಿನಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳ ಜೊತೆ ಅದು ಶುರುವಾಯಿತು. ಹೆಸರು ಮಕ್ಕಳ ಮನೆ. ಟ್ರೇನಿಂಗ್ ಆದ ಟೀಚರ್ ಕೂಡ ಇರಲಿಲ್ಲ.

ಅಲ್ಲಿ ಏನಾಯಿತು ಅಂದರೆ, ಹುಚ್ಚಾಸ್ಪತ್ರೆ ಮಕ್ಕಳಿಗಾಗಿ ಮಾಡಿದ್ದ ಮರದ ಸಾಮಾನುಗಳನ್ನು ಮಾಂಟೆಸ್ಸರಿ ಈ ಮಕ್ಕಳ ಮುಂದೆ ಇಟ್ಟು ಸುಮ್ಮನೆ ನೋಡುತ್ತಾ ಕೂತರು. ಮೂರು ವರ್ಷದ ಒಬ್ಬಳು ಮರದ ಕೊರಡುಗಳನ್ನು ಅವುಗಳ ಗುಂಡಿಗೆ ಸರಿಯಾಗಿ ಕೂರಿಸುವ ಕೆಲಸವನ್ನು ನಲವತ್ತಕ್ಕೂ ಹೆಚ್ಚು ಸಲ ಮಾಡಿದಳು. ಸುತ್ತ ಮಕ್ಕಳು ಹಾಡಿದರೂ ತಲೆ ಎತ್ತಲಿಲ್ಲ. ಇನ್ನೊಂದು ದಿನ ಸಾಮಾನಿನ ಬೀರುವಿಗೆ ಬೀಗ ಹಾಕೋದು ಮರೆತುಹೋಗಿತ್ತು. ಮಕ್ಕಳು ತಾವೇ ಬೇಕಾದ್ದು ತೆಗೆದುಕೊಂಡು ಕೆಲಸ ಶುರು ಮಾಡಿದ್ದರು. ನೋಡಿಕೊಳ್ಳುವಾಕೆಗೆ ಅದು ಕಳ್ಳತನದ ಹಾಗೆ ಕಂಡಿತು. ಮಾಂಟೆಸ್ಸರಿ ಬೀರು ತೆಗೆಸಿ, ಮಕ್ಕಳ ಕೈಗೆಟುಕುವ ತೆರೆದ ಗೂಡುಗಳನ್ನು ಇಡಿಸಿದರು.

ಲೆಕ್ಕಕ್ಕೆ ಬರೋಣ. ಮೊದಲ ಸಾಮಾನು ಹತ್ತು ಕೋಲುಗಳು. ಚಿಕ್ಕದು 10 ಸೆಂಟಿಮೀಟರ್, ದೊಡ್ಡದು ಒಂದು ಮೀಟರ್. ಪ್ರತಿ 10 ಸೆಂಟಿಮೀಟರಿಗೂ ಕೆಂಪು, ನೀಲಿ ಬಣ್ಣ ಬದಲಾಗುತ್ತೆ. ಮೂರು ಅಂದರೆ ಮೂರು ಬಿಡಿ ಕಲ್ಲಲ್ಲ, ಕೈಯಲ್ಲಿ ಹಿಡಿಯಬಹುದಾದ ಒಂದು ಮೂರು. ಇದು ಸಣ್ಣ ವಿಷಯ ಅಲ್ಲ. ಮಗು ಬಿಡಿ ಬೀಜ ಎಣಿಸುವಾಗ ಕೊನೆಯಲ್ಲಿ ಮುಟ್ಟಿದ ಬೀಜದ ಹೆಸರೇ ಮೂರು ಅಂದುಕೊಳ್ಳುವುದು ಉಂಟು. ಕೋಲಿನಲ್ಲಿ ಆ ಗೊಂದಲಕ್ಕೆ ಜಾಗ ಇಲ್ಲ. ಈಗ ಒಂಬತ್ತರ ಕೋಲಿನ ತುದಿಗೆ ಒಂದರ ಕೋಲು ಇಟ್ಟರೆ ಹತ್ತರ ಕೋಲಿನಷ್ಟೇ ಉದ್ದ. ಎಂಟಕ್ಕೆ ಎರಡು, ಏಳಕ್ಕೆ ಮೂರು, ಆರಕ್ಕೆ ನಾಲ್ಕು. ಐದು ಒಂಟಿಯಾಗಿ ಉಳಿಯುತ್ತೆ. ಅದನ್ನು ಹತ್ತರ ಪಕ್ಕ ಇಟ್ಟು ಒಮ್ಮೆ ಮಗುಚಿದರೆ ಹತ್ತು ಮುಗಿಯುತ್ತೆ, ಎರಡು ಸಲ ಐದು ಹತ್ತು ಅಂತ ಗುಣಾಕಾರವೂ ಕಣ್ಣಿಗೆ ಬೀಳುತ್ತೆ. ಪ್ಲಸ್ ಚಿಹ್ನೆ ಇನ್ನೂ ಬಂದೇ ಇಲ್ಲ, ಕೂಡುವುದು ನಡೆದುಹೋಯಿತು.

ಆಮೇಲೆ ಕದಿರಿನ ಪೆಟ್ಟಿಗೆ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಗೂಡು, ಒಟ್ಟು 45 ಕಡ್ಡಿ. ಪ್ರತಿ ಗೂಡಿಗೆ ಅದರ ಅಂಕಿಯಷ್ಟು ಕಡ್ಡಿ ಹಾಕಬೇಕು. ಒಂದರಿಂದ ಒಂಬತ್ತರವರೆಗೆ ಕೂಡಿದರೆ 45, ನಿಮಗೆ ಗೊತ್ತೇ ಇದೆ. ಎಲ್ಲೋ ಒಂದು ಕಡೆ ತಪ್ಪಾಗಿದ್ದರೆ ಕೊನೆಯ ಗೂಡಿಗೆ ಕಡ್ಡಿ ಸಾಲುವುದಿಲ್ಲ, ಇಲ್ಲಾ ಮಿಗುತ್ತೆ. ಟೀಚರ್ ಕೆಂಪು ಪೆನ್ನು ಹಿಡಿದು ನಿಲ್ಲೋ ಅಗತ್ಯ ಇಲ್ಲ. ತಪ್ಪು ಹಿಡಿಯುವ ಕೆಲಸವನ್ನು ಸಾಮಾನಿನ ಒಳಗೇ ಇಡುವುದು ಮಾಂಟೆಸ್ಸರಿ ಅವರ ಮುಖ್ಯ ಡಿಸೈನ್ ನಿಯಮ. ಡೇಟಾ ಕಮ್ಯುನಿಕೇಶನ್ ಓದಿದವರು ಇದಕ್ಕೆ ಚೆಕ್‌ಸಮ್ ಅನ್ನಬಹುದು. ಇನ್ನು ಆ ಪೆಟ್ಟಿಗೆಯ ಸೊನ್ನೆಯ ಗೂಡು ಖಾಲಿ. ಅದಕ್ಕೊಂದು ಆಟ: ಮಗುವನ್ನು ಮೂರು ಸಲ ಬಾ ಅಂತ ಕರೆಯೋದು, ಎರಡು ಸಲ ಬಾ ಅನ್ನೋದು, ಆಮೇಲೆ ಸೊನ್ನೆ ಸಲ ಬಾ ಅನ್ನೋದು. ಮೊದಮೊದಲು ಮಗು ಓಡಿಬರುತ್ತೆ. ಬರಬಾರದಿತ್ತು ಅಂತ ಹೊಳೆದ ಮೇಲೆ ಎಲ್ಲವೂ ನಗುವನ್ನು ತಡೆದುಕೊಂಡು ಅಲ್ಲಾಡದೆ ನಿಲ್ಲುತ್ತವೆ.

ನಮ್ಮಲ್ಲಿ ಇಂಥ ಆಟ ಇರಲಿಲ್ಲವೇ ಅಂತ ಕೇಳಬಹುದು. ಇತ್ತು, ಇದೆ. ಅಳಗುಳಿ ಮಣೆಯಲ್ಲಿ ಹುಣಸೆ ಬೀಜ ಹಂಚುತ್ತಾ ಹೋಗುವ ಅಜ್ಜಿ ಎಷ್ಟು ಗುಳಿ ಮುಂದಕ್ಕೆ ಏನಾಗುತ್ತೆ ಅಂತ ಎಣಿಸದೇ ಹೇಳುತ್ತಾಳೆ. ಚೌಕಾಬಾರದಲ್ಲಿ ನಾಲ್ಕು ಬಿದ್ದು, ಮತ್ತೆ ಎಂಟು ಬಿದ್ದು, ಕೊನೆಗೆ ಮೂರು ಬಿದ್ದರೆ ಕಾಯಿ ಎಲ್ಲಿಗೆ ಹೋಗಿ ಕೂರುತ್ತೆ ಅಂತ ಆರು ವರ್ಷದ ಪೋರ ಬೆರಳು ಮಡಚದೇ ಹೇಳಬಲ್ಲ. ಅಲ್ಲಿ ತಪ್ಪು ಹಿಡಿಯೋನು ಎದುರಾಳಿ, ಜಗಳದ ಸಮೇತ. ಮಾಂಟೆಸ್ಸರಿ ಪೆಟ್ಟಿಗೆ ಜಗಳ ಆಡುವುದಿಲ್ಲ. ಒಂಟಿಯಾಗಿ ಕೂತ, ನಾಚಿಕೆ ಸ್ವಭಾವದ ಮಗುವಿಗೆ ಇದರಿಂದ ಎಷ್ಟು ನೆಮ್ಮದಿ ಅಂತ ಯೋಚಿಸಿ.

ಎಲ್ಲಕ್ಕಿಂತ ಹೆಸರಾದದ್ದು ಚಿನ್ನದ ಮಣಿ. ಚಿನ್ನ ಅಂದ ಕೂಡಲೇ ಕೆಜಿಎಫ್‌ನವರ ಕಿವಿ ನೆಟ್ಟಗಾಗೋದು ಸಹಜ. ಆದರೆ ಇದು ಬಣ್ಣ ಮಾತ್ರ ಚಿನ್ನದ್ದು, ತಂತಿಗೆ ಪೋಣಿಸಿದ ಗಾಜಿನ ಮಣಿ. ಒಂದು ಬಿಡಿ ಮಣಿ. ಹತ್ತು ಮಣಿಯ ಒಂದು ಸರಳು. ಹತ್ತು ಸರಳು ಸೇರಿಸಿದ ನೂರರ ಚೌಕ. ಹತ್ತು ಚೌಕ ಪೇರಿಸಿದ ಸಾವಿರದ ಘನ. ಬಿಂದು, ರೇಖೆ, ತಲ, ಘನ, ಎಲ್ಲ ಒಂದೇ ತಟ್ಟೆಯಲ್ಲಿ. ಸಾವಿರದ ಘನ ಎತ್ತಿದ ಮಗುವಿಗೆ ಸಾವಿರ ಅಂದರೆ ಎಷ್ಟು ಭಾರ ಅಂತ ಗೊತ್ತಾಗುತ್ತೆ. ಬೋರ್ಡಿನ ಮೇಲೆ ಬರೆದ ಮೂರು ಸೊನ್ನೆಗೆ ಭಾರ ಎಲ್ಲಿಂದ ಬರಬೇಕು?

ಇದರಲ್ಲಿ ಆಡೋದಕ್ಕೆ ಬ್ಯಾಂಕ್ ಆಟ ಅಂತ ಹೆಸರು. ಒಬ್ಬ ಬ್ಯಾಂಕರ್. ಒಂದು ಮಗು ತಟ್ಟೆಯಲ್ಲಿ 1468 ತರುತ್ತೆ: ಒಂದು ಘನ, ನಾಲ್ಕು ಚೌಕ, ಆರು ಸರಳು, ಎಂಟು ಮಣಿ. ಇನ್ನೊಂದು 2375 ತರುತ್ತೆ. ಎರಡನ್ನೂ ಒಂದೇ ಬಟ್ಟೆಯ ಮೇಲೆ ಸುರಿಯುತ್ತಾರೆ. ಕೂಡಿದ್ದಾಯಿತು! ಈಗ ಬರೀ ಎಣಿಸೋದು. ಬಿಡಿ ಮಣಿ 13, ಸರಳು 13, ಚೌಕ 7, ಘನ 3. ಹತ್ತು ಮಣಿಯನ್ನು ಬ್ಯಾಂಕಿಗೆ ಕೊಟ್ಟು ಒಂದು ಸರಳು ತಗೋ, ಆಗ ಮಣಿ ಮೂರು, ಸರಳು ಹದಿನಾಲ್ಕು. ಹತ್ತು ಸರಳು ಕೊಟ್ಟು ಒಂದು ಚೌಕ ತಗೋ. ಉಳಿದದ್ದು 3843. ಅಂಕಿಗಳ ಚೀಟಿಯೂ ಹಾಗೇ: 3000, 800, 40, 3 ಅಂತ ನಾಲ್ಕು ಬೇರೆ ಬೇರೆ ಅಗಲದ ಚೀಟಿಗಳನ್ನು ಒಂದರ ಮೇಲೊಂದು ಬಲಕ್ಕೆ ಸರಿಸಿಟ್ಟರೆ ಸೊನ್ನೆಗಳು ಮುಚ್ಚಿಹೋಗಿ 3843 ಕಾಣುತ್ತೆ. ಮಗುವಿಗೆ ಆ ಎಂಟರ ಬಲಕ್ಕೆ ಎರಡು ಸೊನ್ನೆ ಅಡಗಿವೆ ಅಂತ ಗೊತ್ತು, ತಾನೇ ಮುಚ್ಚಿದ್ದಲ್ವಾ.

ನಾವು ಕೆಲವರು ಶನಿವಾರ ಬಂಗಾರಪೇಟೆ ಕಡೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇವೆ. ಅಲ್ಲಿ ಎರಡನೇ ಕ್ಲಾಸಿನ ಸ್ಲೇಟುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಉತ್ತರ ಇದೆ: 27ಕ್ಕೆ 15 ಕೂಡಿದರೆ 312. ನಗಬೇಡಿ, ಮಗು ಮಾಡಿದ ಕೂಡುವಿಕೆ ಎರಡೂ ಸರಿ. ಏಳು ಐದು ಹನ್ನೆರಡು, ಬರೆಯಿತು. ಎರಡು ಒಂದು ಮೂರು, ಬರೆಯಿತು. ಕೈಲಿ ಒಂದು ಅನ್ನೋ ಮಂತ್ರ ಮರೆತಿದೆ ಅಷ್ಟೇ, ಮಂತ್ರಗಳ ಸ್ವಭಾವವೇ ಮರೆಯೋದು. ಆ ಕೈಲಿರುವ ಒಂದು ನಿಜವಾಗಿ ಹತ್ತು ಅಂತ ಅದಕ್ಕೆ ಯಾರೂ ತೋರಿಸಿಲ್ಲ. ಪೊರಕೆ ಕಡ್ಡಿ ಮುರಿದು, ಹತ್ತತ್ತು ರಬ್ಬರ್ ಬ್ಯಾಂಡ್ ಹಾಕಿ ಕಂತೆ ಕಟ್ಟಿ ಕೊಟ್ಟರೆ ಅದೇ ಮಗು 312 ಅನ್ನೋದಿಲ್ಲ, ಅನ್ನೋಕೆ ಆಗೋದಿಲ್ಲ, ಅಷ್ಟು ಕಡ್ಡಿ ನೆಲದ ಮೇಲೆ ಇಲ್ಲವೇ ಇಲ್ಲ. ಇನ್ನೊಂದು ಮಜಾ ಇದೆ. ಕಡ್ಡಿಯಲ್ಲಿ ಕೂಡುವಾಗ ಮಕ್ಕಳು ದೊಡ್ಡ ಕಂತೆಯಿಂದ ಶುರು ಮಾಡುತ್ತಾರೆ, ಬಿಡಿ ಕಡ್ಡಿಗೆ ಕೊನೆಗೆ ಬರುತ್ತಾರೆ, ಉತ್ತರ ಸರಿಯೇ ಇರುತ್ತೆ. ಬಲಗಡೆಯಿಂದಲೇ ಶುರು ಮಾಡಬೇಕು ಅನ್ನೋದು ಕಾಗದದ ಅನುಕೂಲ, ಗಣಿತದ ನಿಯಮ ಅಲ್ಲ. ಲಾಜಿಕ್ ಡಿಸೈನ್‌ನಲ್ಲಿ ರಿಪಲ್ ಕ್ಯಾರಿ ಆಡರ್ ಬರೆದವರೆಲ್ಲ ಇದನ್ನು ಒಂದು ಸಲ ಕಡ್ಡಿಯಲ್ಲಿ ಮಾಡಿ ನೋಡಬೇಕು.

ಆದರೆ ಕಂತೆಗೂ ಮಣಿ ಸರಳಿಗೂ ಒಂದು ವ್ಯತ್ಯಾಸ ಇದೆ. ರಬ್ಬರ್ ಬ್ಯಾಂಡಿನಿಂದ ಒಂದು ಕಡ್ಡಿ ಜಾರಿಹೋದರೆ ಒಂಬತ್ತರ ಕಂತೆಯೂ ಹತ್ತರ ವೇಷ ಹಾಕಿಕೊಂಡು ಕೂತಿರುತ್ತೆ. ತಂತಿಗೆ ಬಿಗಿದ ಸರಳಿಗೆ ಆ ಕಾಯಿಲೆ ಇಲ್ಲ. ಮಾಂಟೆಸ್ಸರಿ ತಮ್ಮ ಸಾಮಾನಿನ ಅಳತೆ, ಗುಣಮಟ್ಟದ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿದ್ದಕ್ಕೆ ಕಾರಣ ಇಂಥದ್ದೇ. ಕೋಲು ಒಂದು ಸೆಂಟಿಮೀಟರ್ ತಪ್ಪಿದರೆ ಏಳಕ್ಕೆ ಮೂರು ಸೇರಿ ಹತ್ತಾಗುವುದಿಲ್ಲ, ಮಗು ತನ್ನನ್ನೇ ಅನುಮಾನಿಸುತ್ತೆ. ಆದರೆ ಈ ಕಟ್ಟುನಿಟ್ಟಿಗೆ ಬೆಲೆಯೂ ಇತ್ತು, ಅದಕ್ಕೆ ಆಮೇಲೆ ಬರುತ್ತೇವೆ.

ಭಾಷೆಯ ಬಗ್ಗೆ ಒಂದು ಮಾತು. ಇಟಾಲಿಯನ್ನಿನಲ್ಲಿ ಹನ್ನೊಂದರಿಂದ ಹದಿನಾರರ ತನಕ ಬಿಡಿಯ ಹೆಸರು ಮೊದಲು, ಹತ್ತು ಆಮೇಲೆ, ಹದಿನೇಳರಿಂದ ಉಲ್ಟಾ. ಹತ್ತರಿಂದ ಇಪ್ಪತ್ತರ ನಡುವಿನ ಹೆಸರುಗಳಿಗೆ ಮಾಂಟೆಸ್ಸರಿ ಪ್ರತ್ಯೇಕ ಹಲಗೆಯನ್ನೇ ಬಳಸಿದರು, ಸೆಗ್ಯಾಂ ಹೆಸರಿನಲ್ಲಿ. ನಮಗೆ ಆ ಕಷ್ಟ ಕಡಿಮೆ. ಹನ್ನೊಂದು ಅಂದರೆ ಹತ್ತು ಒಂದು, ಇಪ್ಪತ್ತೊಂದು ಅಂದರೆ ಎರಡು ಹತ್ತು ಒಂದು, ಹೆಸರೇ ಲೆಕ್ಕ ಹೇಳುತ್ತೆ. ತಮಿಳು, ತೆಲುಗಿನಲ್ಲೂ ಹೆಚ್ಚುಕಮ್ಮಿ ಹಾಗೇ. ಉರ್ದು ಮನೆಮಾತಿನ ಮಗುವಿಗೆ ಮಾತ್ರ ನೂರರ ತನಕ ಒಂದೊಂದು ಹೆಸರನ್ನೂ ಬೇರೆ ಬೇರೆಯಾಗಿ ಕಲಿಯುವ ಹೊರೆ. ಈ ನಾಲ್ಕೂ ಭಾಷೆ ಒಂದೇ ಬೀದಿಯಲ್ಲಿ ಇರುವ ನಮ್ಮೂರಲ್ಲಿ ಕ್ಲಾಸಿನ ಭಾಷೆ ಒಂದು, ಮನೆಯದು ಇನ್ನೊಂದು. ಮಣಿಗೆ ಯಾವ ಭಾಷೆಯೂ ಬೇಡ.

1909ರಲ್ಲಿ ಅವರ ಪುಸ್ತಕ ಬಂತು, ಹೆಸರು ಊರೂರಿಗೆ ಹಬ್ಬಿತು. 1913ರಲ್ಲಿ ಅಮೆರಿಕ ತಲೆ ಮೇಲೆ ಹೊತ್ತುಕೊಂಡಿತು. 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿ ನಡೆಸಿ ತೋರಿಸಿದರು. ಅಷ್ಟರಲ್ಲೇ ಕಿಲ್‌ಪ್ಯಾಟ್ರಿಕ್ ಎಂಬ ಪ್ರಾಧ್ಯಾಪಕರು ಇದು ಹಳೇ ಸರಕು ಅಂತ ಬರೆದದ್ದೂ ಸೇರಿ ಅಲ್ಲಿನ ಉತ್ಸಾಹ ತಣ್ಣಗಾಯಿತು. ಬಾರ್ಸಿಲೋನಾದಲ್ಲಿ ನೆಲೆ ನಿಂತರು. ಗಣಿತದ ಸಾಮಾನುಗಳ ಬಗ್ಗೆ ದೊಡ್ಡ ಪುಸ್ತಕ, ಸೈಕೋಅರಿತ್ಮೆಟಿಕ್, 1934ರಲ್ಲಿ ಸ್ಪ್ಯಾನಿಷ್‌ನಲ್ಲಿ ಬಂದದ್ದು ಅಲ್ಲಿಂದಲೇ.

ಇಟಲಿಯ ಅಧ್ಯಾಯವನ್ನು ಮುಚ್ಚಿಡುವ ಹಾಗಿಲ್ಲ. 1924ರಿಂದ ಮುಸೋಲಿನಿ ಸರ್ಕಾರ ಅವರ ಶಾಲೆಗಳ ಬೆಂಬಲಕ್ಕೆ ನಿಂತಿತು, ಅವರು ಒಪ್ಪಿಕೊಂಡರು. ಶಾಲೆ ನಡೆದರೆ ಸಾಕು, ದುಡ್ಡು ಯಾರದಾದರೇನು ಅನ್ನೋ ಲೆಕ್ಕ ಇರಬಹುದು. ತಾನೇ ಯೋಚಿಸುವ ಮಗು ಬೇಕು ಅಂದಾಕೆಗೂ, ಹೇಳಿದ್ದು ಕೇಳುವ ಮಗು ಬೇಕು ಅಂದವನಿಗೂ ಎಷ್ಟು ದಿನ ಹೊಂದೀತು? 1934ರಲ್ಲಿ ಮುರಿದುಬಿತ್ತು. ಇಟಲಿಯ ಶಾಲೆಗಳು ಮುಚ್ಚಿದವು, ಜರ್ಮನಿಯಲ್ಲಿ ನಾಜಿಗಳೂ ಮುಚ್ಚಿಸಿದರು. ಹತ್ತು ವರ್ಷ ತಡವಾಯಿತು ಅನ್ನೋದು ನಮ್ಮ ಅಭಿಪ್ರಾಯ. 1936ರಲ್ಲಿ ಸ್ಪೇನಿನಲ್ಲೂ ಅಂತರ್ಯುದ್ಧ ಶುರುವಾಗಿ ನೆದರ್ಲೆಂಡ್ಸ್‌ಗೆ ಹೋದರು.

ಅಲ್ಲಿಂದ ಇಲ್ಲಿಗೆ. ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯ ಅರುಂಡೇಲ್, ರುಕ್ಮಿಣಿದೇವಿ ದಂಪತಿ ಕರೆದದ್ದಕ್ಕೆ 1939ರ ಕೊನೆಯಲ್ಲಿ ಮಾಂಟೆಸ್ಸರಿ ಮದ್ರಾಸಿಗೆ ವಿಮಾನದಲ್ಲಿ ಬಂದಿಳಿದರು. ವಯಸ್ಸು 69. ಕೆಲವು ತಿಂಗಳು ಇದ್ದು ಹೋಗುವ ಯೋಚನೆ. ತೆಂಗಿನ ಮರಗಳ ನಡುವೆ, ಗರಿಯ ಚಪ್ಪರದಡಿ ಸುಮಾರು 300 ಜನರಿಗೆ ಕೋರ್ಸು. ಅವರು ಇಟಾಲಿಯನ್ನಿನಲ್ಲಿ ಹೇಳುತ್ತಾ ಹೋದ ಹಾಗೆ ಮಾರಿಯೋ ಇಂಗ್ಲಿಷಿಗೆ ತಿರುಗಿಸುತ್ತಿದ್ದ. 1940ರ ಜೂನಿನಲ್ಲಿ ಇಟಲಿ ಬ್ರಿಟನ್ ಮೇಲೆ ಯುದ್ಧ ಸಾರಿದ ಕೂಡಲೇ ಇಬ್ಬರೂ ಶತ್ರು ದೇಶದ ಪ್ರಜೆಗಳಾದರು. ಮಾರಿಯೋನನ್ನು ಅಹಮದ್‌ನಗರದ ಶಿಬಿರಕ್ಕೆ ಹಾಕಿದರು. ತಾಯಿ ಅಡ್ಯಾರ್ ಬಿಟ್ಟು ಹೋಗುವ ಹಾಗಿಲ್ಲ. ಆಗಸ್ಟ್ 31, ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ, ವೈಸ್‌ರಾಯ್ ಕಡೆಯಿಂದ ತಂತಿ ಬಂತು. ಹುಟ್ಟುಹಬ್ಬದ ಉಡುಗೊರೆಯಾಗಿ ಆಕೆಯ ಮಗನನ್ನು ಬಿಡುಗಡೆ ಮಾಡುತ್ತಿದ್ದೇವೆ ಅಂತ. ನಲವತ್ತು ವರ್ಷ ಬಾಯಿಬಿಟ್ಟು ಹೇಳಲಾಗದ ಪದ ಸರ್ಕಾರಿ ತಂತಿಯಲ್ಲಿ ಬಂದಿತ್ತು.

1946ರ ತನಕ ಇಲ್ಲೇ ಉಳಿದರು. 1942ರಿಂದ ಎರಡು ವರ್ಷ ಕೊಡೈಕೆನಾಲ್‌ನಲ್ಲಿ ಶಾಲೆ ನಡೆಸಿದರು. ಈ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಟೀಚರುಗಳು ಅವರ ಕೈಕೆಳಗೆ ತಯಾರಾದರು. ಅವರು ಬರೋ ಮುಂಚೆಯೇ, 1920ರಲ್ಲಿ, ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಪುಸ್ತಕ ಓದಿ ಬಾಲಮಂದಿರ ಕಟ್ಟಿ, ನಮ್ಮ ನೆಲದ ಹಾಡು, ಕಥೆ, ಆಟಗಳನ್ನು ಅದರೊಳಗೆ ಸೇರಿಸಿದ್ದರು.

ಈಗ ಬೆಲೆಯ ವಿಷಯ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿದ್ದ ಗಾಂಧೀಜಿ ಮಾಂಟೆಸ್ಸರಿ ಅವರ ಟ್ರೇನಿಂಗ್ ಕಾಲೇಜಿಗೂ ಹೋಗಿದ್ದರು. ಉಳ್ಳವರ ಮಕ್ಕಳಿಗೆ ಮಾತ್ರ ಅಲ್ಲ, ಕಡುಬಡವರ ಮಕ್ಕಳಿಗೂ ಇಂಥ ಶಿಕ್ಷಣ ಸಿಗೋ ಹಾಗಾಗಲಿ ಅಂತ ಅಲ್ಲಿ ಆಶಿಸಿದರು. ಕೂಲಿಯವರ ವಠಾರದಲ್ಲಿ ಹುಟ್ಟಿದ ಪದ್ಧತಿಗೆ ಕಾಲು ಶತಮಾನದೊಳಗೇ ಹೀಗೆ ನೆನಪಿಸಬೇಕಾಗಿ ಬಂದಿತ್ತು ನೋಡಿ. ನಯವಾದ ಮರ, ಗಾಜಿನ ಮಣಿ, ಒಪ್ಪಿಗೆ ಪಡೆದ ತಯಾರಕರು, ಎಲ್ಲ ದುಬಾರಿ. ಹೆಸರಿಗೆ ಮಾತ್ರ ಬೆಲೆ ಇಲ್ಲ, ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆಸಬಹುದು. ಅಮೆರಿಕದಲ್ಲಿ ಇದರ ವ್ಯಾಜ್ಯವೇ ನಡೆದು 1967ರಲ್ಲಿ ಅದು ಯಾರ ಸ್ವತ್ತೂ ಅಲ್ಲದ ಸಾಮಾನ್ಯ ಪದ ಅಂತಾಯಿತು. ಹಾಗಾಗಿ ಇವತ್ತು ಬೋರ್ಡಿನಲ್ಲಿ ಮಾಂಟೆಸ್ಸರಿ ಇದ್ದು ಒಳಗೆ ಒಂದು ಮಣಿಯೂ ಇಲ್ಲದ, ಮೂರು ವರ್ಷದ ಮಗು ಸಾಲಾಗಿ ಕೂತು ನೂರರ ತನಕ ಕಾಪಿ ಬರೆಯುವ ಜಾಗಗಳಿವೆ. ಬೋರ್ಡು ಇಲ್ಲದೆಯೇ ಆ ಕೆಲಸ ನಡೆಯುವ ಕಡೆಗಳೂ ಇವೆ. ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಟೀಚರುಗಳು 1995ರಲ್ಲಿ ಶುರು ಮಾಡಿದ ನಲಿ-ಕಲಿಗೆ ಸ್ಫೂರ್ತಿ ನಮ್ಮ ಕೋಲಾರದ ಗಡಿಯಾಚೆ ಮದನಪಲ್ಲಿ ಹತ್ತಿರದ ರಿಷಿವ್ಯಾಲಿ. ಅಲ್ಲಿ ಮಗು ಸಾಮಾನು ಹಿಡಿದು, ಗುಂಪಿನಲ್ಲಿ ಕೂತು, ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತೆ. ಅದು ಮಾಂಟೆಸ್ಸರಿ ಪದ್ಧತಿ ಅಲ್ಲ, ಆದರೆ ಸ್ಯಾನ್ ಲೊರೆಂಜೋದ ಮಕ್ಕಳಿಗೆ ಅಪರಿಚಿತ ಅನ್ನಿಸುತ್ತಿರಲಿಲ್ಲ.

ಮಾಂಟೆಸ್ಸರಿ 1947ರಲ್ಲಿ ಮತ್ತೆ ಭಾರತಕ್ಕೆ ಬಂದು 1949ರಲ್ಲಿ ಯುರೋಪಿಗೆ ಮರಳಿದರು. 1949, 1950, 1951, ಮೂರು ವರ್ಷವೂ ನೊಬೆಲ್ ಶಾಂತಿ ಪ್ರಶಸ್ತಿಗೆ ಹೆಸರು ಹೋಯಿತು, ಬರಲಿಲ್ಲ. 1952ರ ಮೇ 6ರಂದು ನೆದರ್ಲೆಂಡ್ಸ್‌ನ ನೋರ್ಡ್‌ವೈಕ್ ಎಂಬ ಕಡಲ ತೀರದ ಊರಲ್ಲಿ ತೀರಿಕೊಂಡರು. ಅಲ್ಲೇ ಸಮಾಧಿ. ಉಯಿಲಿನಲ್ಲಿ ತಮ್ಮ ಕೆಲಸವನ್ನೆಲ್ಲ ಮಾರಿಯೋಗೆ ಬಿಟ್ಟಿದ್ದರು, ಅವನನ್ನು ಮಗ ಅಂತಲೇ ಬರೆದಿದ್ದರು. ಗಣಿತದ ಸಾಮಾನುಗಳನ್ನು ಬೆಳೆಸುವುದರಲ್ಲಿ ಕೈಜೋಡಿಸಿದ್ದ ಮಾರಿಯೋ, 1982ರಲ್ಲಿ ತೀರಿಕೊಳ್ಳುವವರೆಗೆ ಅದನ್ನೇ ನೋಡಿಕೊಂಡಿದ್ದ.